ಬೀರುವಿನೊಳಗಿನ ಗುಡುಗು

ಬಸವೇಶ್ವರನಗರದಲ್ಲಿ, ಮಹಡಿಯ ಮೇಲೆ ನಮ್ಮ ಎದುರು ಮನೆಯಲ್ಲಿದ್ದ ಗಿಟಾರ್ ಮೇಷ್ಟ್ರು ಹಳೇ ವಾಲ್ವ್ ಆಂಪ್ಲಿಫೈಯರ್ ಒಂದನ್ನು ಸಾಕಿದ್ದರು ಎಂದೇ ಹೇಳಬೇಕು. ಸ್ವಿಚ್ ಹಾಕಿ, ಒಳಗಿನ ಬಲ್ಬಿನಂಥ ವಾಲ್ವ್‌ಗಳು ಕೆಂಪಗಾಗುವ ತನಕ ಅದರ ನೆತ್ತಿಯ ಮೇಲೆ ಅಂಗೈ ಇಟ್ಟು ಕಾಯುತ್ತಿದ್ದರು. ಗಿಟಾರಿನ ದನಿ ಒಡೆದು ಗುಡುಗಬೇಕೆಂದರೆ ವಾಲ್ಯೂಮ್ ಪೂರ್ತಿ ತಿರುಗಿಸಲೇಬೇಕು. ಸಣ್ಣ ವಾಲ್ಯೂಮಿನಲ್ಲೇ ಕಾಲಡಿಯ ಎಫೆಕ್ಟ್ ಪೆಡಲ್ ತುಳಿದರೂ ಆ ಸದ್ದು ಬರುತ್ತದಲ್ಲ ಎಂದು ನಾನು ಕೇಳಿದರೆ, “ಅದು ಸುಳ್ಳು ಕೋಪ ಕಣ್ರೀ” ಎನ್ನುತ್ತಿದ್ದರು.

ಕೆಳಗಿನ ಮನೆಯ ಓನರ್ ಆಂಟಿ ಒಂದು ದಿನ ಈ ಸದ್ದು ತಾಳಲಾರದೆ ಮನೆ ಖಾಲಿ ಮಾಡಿ ಎಂದುಬಿಟ್ಟರು. ಮೇಷ್ಟ್ರು ಅಳುಕಲಿಲ್ಲ. ಆಂಪ್ಲಿಫೈಯರನ್ನು ಹೊರಗೇ ಬಿಟ್ಟು, ಅದಕ್ಕೆ ವೈರಿನಲ್ಲಿ ಜೋಡಿಸಿದ್ದ ಸ್ಪೀಕರ್ ಪೆಟ್ಟಿಗೆಯನ್ನಷ್ಟೇ ಬಟ್ಟೆ ಬೀರುವಿನೊಳಗೆ ತಳ್ಳಿ, ಸುತ್ತಲೂ ರಜಾಯಿ ತುರುಕಿ ಬಾಗಿಲು ಮುಚ್ಚಿದರು. ಆಂಟಿಯನ್ನೂ ನನ್ನನ್ನೂ ಕರೆದು ಪೂರ್ತಿ ವಾಲ್ಯೂಮಿನಲ್ಲಿ ನುಡಿಸತೊಡಗಿದರು.

ಆಂಟಿ ಬೀರುವಿಗೆ ಕಿವಿ ಹಚ್ಚಿದರು. “ನಮ್ಮನೆಯವ್ರು ರೂಮ್ ಬಾಗ್ಲು ಹಾಕ್ಕೊಂಡು ಗೊಣಗ್ದಂಗಿದೆ.”

“ಆದ್ರೂ ನಿಜವಾದ ಕೋಪ ಆಂಟಿ,” ಎಂದರು ಮೇಷ್ಟ್ರು, ಕೈ ನಿಲ್ಲಿಸದೆ.

ಆಂಟಿ ತಾವೇ ಬೀರುವಿನ ಬಾಗಿಲು ಎಳೆದು ತೆರೆದರು. ಕಿಟಕಿಗಳೆಲ್ಲ ನಡುಗಿದವು.

“ಭಾನುವಾರ ಸಂಜೆ ಮಾತ್ರ ಬಾಗ್ಲು ತೆಗ್ದು ಹೀಗೇ ಬಾರ್ಸಿ,” ಎಂದು ಆಂಟಿ ಕೂಗಿ ಹೇಳಿದರು. “ಕೋಪ ಅಂದ್ರೆ ಹೆಂಗಿರುತ್ತೆ ಅಂತ ನಮ್ಮನೆಯವ್ರೂ ಕೇಳ್ಲಿ.”