ತಕ್ಕಡಿಗೆ ನೇತುಹಾಕಿದ ಚೀಲ

ಹಳೇ ಪೇಪರ್ ಅಂಗಡಿಯ ಸ್ಪ್ರಿಂಗ್ ತಕ್ಕಡಿಗೆ ನನ್ನ ಚೀಲ ನೇತುಹಾಕಿದಾಗ ಮುಳ್ಳು ಹದಿನೆಂಟು ಕೆ.ಜಿ.ಗೆ ಹೋಗಿ ನಿಂತಿತು. ಎಂಬತ್ತರ ದಶಕದ ಮಾತು. ಮರುದಿನ ಗೆಳೆಯರೊಂದಿಗೆ ಜಯನಗರದಿಂದ ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಡಬೇಕಿತ್ತು. ಹಿಂದಿನ ವರ್ಷ ಇದೇ ದಾರಿಯಲ್ಲಿ ಚೀಲದ ಭಾರಕ್ಕೆ ಭುಜ ಊದಿಕೊಂಡು ಕನಕಪುರದಿಂದಲೇ ಬಸ್ಸು ಹತ್ತಿ ವಾಪಸಾಗಿದ್ದೆ. ಈ ಸಲವೂ ಹಾಗಾದರೆ ಗೆಳೆಯರು ಮತ್ತೆ ಕರೆಯುವುದಿಲ್ಲವೆಂದು ಗೊತ್ತಿತ್ತು.

ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಅಜ್ಜಿ, ನಾನು ಅಂಗಡಿಯವನಿಗೆ ಬೆಟ್ಟದ ವಿಷಯ ಹೇಳಿದ್ದನ್ನು ಕೇಳಿಸಿಕೊಂಡು ಎದ್ದು ಬಂದು, ನನ್ನನ್ನು ಕೇಳದೆಯೇ ಚೀಲದ ಬಾಯಿ ಬಿಚ್ಚಿದರು. ಬೆಚ್ಚಿಬಿದ್ದೆ.

"ಬೆಟ್ಟಕ್ಕೆ ಹೋಗ್ತಿದೀಯೋ, ಮನೆ ಖಾಲಿ ಮಾಡ್ತಿದೀಯೋ? ನಾನು ಒಂಬತ್ತು ಸಲ ನಡ್ಕೊಂಡ್ ಹೋಗಿದೀನಿ ಕಣಪ್ಪ. ಒಂದು ಪಂಚೆ, ಒಂದು ಗಂಟು ಹುರಿಹಿಟ್ಟು ಸಾಕು."

ಸೀಮೆಎಣ್ಣೆ ಸ್ಟವ್, ಜಮಖಾನೆ, ಸ್ಟೀಲ್ ಕ್ಯಾರಿಯರ್, ಇನ್ನೂ ಏನೇನೋ ಒಂದೊಂದಾಗಿ ಫುಟ್‌ಪಾತಿಗೆ ಇಳಿದವು. ಮತ್ತೆ ತೂಗಿದರೆ ನಾಲ್ಕೇ ಕೆ.ಜಿ.

"ಇವೆಲ್ಲ ನನ್ ಹತ್ರ ಇರ್ಲಿ. ವಾಪಸ್ ಬಂದು ತಗೊ."

ದಾರಿಯುದ್ದಕ್ಕೂ ಪಂಚೆಯೇ ಬಿಸಿಲಿಗೆ ರುಮಾಲು, ಮಲಗುವಾಗ ಹೊದಿಕೆ. ಏಳನೇ ದಿನ ಎಲ್ಲರ ಜೊತೆ ಬೆಟ್ಟ ಹತ್ತಿದೆ. ಹಿಂತಿರುಗಿದಾಗ ಅಜ್ಜಿ ನನ್ನ ಸ್ಟವ್ ಮೇಲೇ ಕಾಫಿ ಕಾಯಿಸುತ್ತಿದ್ದರು. ನನಗೂ ಒಂದು ಲೋಟ ಕೊಟ್ಟರು. ನಾನು ಸ್ಟವ್ ವಾಪಸು ಕೇಳಲಿಲ್ಲ.

ಇಂದಿಗೂ ಎಲ್ಲಿಗೇ ಹೊರಡಲಿ, ಕಟ್ಟಿದ ಚೀಲವನ್ನು ಇನ್ನೊಮ್ಮೆ ಬಿಚ್ಚುತ್ತೇನೆ. ಅಜ್ಜಿ ಇದರಲ್ಲಿ ಏನೇನು ಹೊರಗಿಡುತ್ತಿದ್ದರು ಎಂದು ಯೋಚಿಸುತ್ತೇನೆ.