ನಡುಗಡ್ಡೆಯಲ್ಲಿ ತಪ್ಪಿದ ಒಂದು ಮತ

ಹೋದ ವಾರ ಭದ್ರಾವತಿಯ ಅಂಚೆ ಕಚೇರಿಯಲ್ಲಿ ಪಾರ್ಸೆಲ್ ಕಳಿಸಲು ನಿಂತಿದ್ದೆ. ಕೌಂಟರಿನ ಒಳಗೆ ಯಾರೋ ಮೇಣದಬತ್ತಿ ಹಚ್ಚಿಕೊಂಡು ಅರಗು ಕರಗಿಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕೆಲಸಕ್ಕಿದ್ದ ಶಾಲೆಯ ಸಂಸ್ಕೃತ ಮೇಷ್ಟ್ರು ಕಣ್ಣ ಮುಂದೆ ಬಂದರು. ಒಂದು ಕೈಯಲ್ಲಿ ಅರಗಿನ ಕಡ್ಡಿ, ಇನ್ನೊಂದು ಕೈಯಲ್ಲಿ ಹಿತ್ತಾಳೆಯ ಸೀಲು, ಮುಖದ ತುಂಬ ಅನುಮಾನ...

ಅವರಷ್ಟು ಅನುಮಾನದ ಮನುಷ್ಯರನ್ನು ನಾನು ಮತ್ತೆ ಕಂಡಿಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ ಕಾಫಿ ತರಿಸಿಕೊಟ್ಟರೆ, "ಏನು ಸಮಾಚಾರ? ನನ್ನಿಂದ ಏನಾಗಬೇಕು?" ಎಂದು ಕೇಳಿಯೇ ಲೋಟ ಮುಟ್ಟುತ್ತಿದ್ದರು. ಹುಡುಗನೊಬ್ಬ ಶ್ಲೋಕವನ್ನು ತಪ್ಪಿಲ್ಲದೆ ಒಪ್ಪಿಸಿದರೆ ಅವನ ಪಕ್ಕದವನ ತುಟಿ ನೋಡುತ್ತಿದ್ದರು. ಮನೆಯ ಬೀಗ ಎಳೆದು ನೋಡಿ, ಬೀದಿಯ ತಿರುವಿನ ತನಕ ಬಂದು, ಮತ್ತೆ ವಾಪಸು ಹೋಗಿ ಎಳೆಯುತ್ತಿದ್ದರು. ನಾವು ಹಿಂದಿನಿಂದ ನಗುತ್ತಿದ್ದೆವು. ನಗುವುದು ಅವರಿಗೂ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಅದು ತೊಂಬತ್ತರ ದಶಕದ ಒಂದು ಲೋಕಸಭಾ ಚುನಾವಣೆ. ಇನ್ನೂ ಮತಪತ್ರ, ಕಬ್ಬಿಣದ ಪೆಟ್ಟಿಗೆಗಳ ಕಾಲ. ಮೇಷ್ಟ್ರು ಮತಗಟ್ಟೆಯ ಮುಖ್ಯಾಧಿಕಾರಿ, ನಾನು ಅವರ ಕೈಕೆಳಗೆ ಬೆರಳಿಗೆ ಶಾಯಿ ಹಚ್ಚುವವನು. ನಮ್ಮ ಪಾಲಿಗೆ ಬಿದ್ದದ್ದು ಗಾಜನೂರಿನಾಚೆ ತುಂಗೆಯ ಹಿನ್ನೀರಿನಲ್ಲಿದ್ದ ಒಂದು ನಡುಗಡ್ಡೆ. ಸುತ್ತ ನೀರು, ಮಧ್ಯೆ ಒಂದಿಷ್ಟು ಕೂಲಿಕಾರರ ಮನೆಗಳು, ಒಂದೇ ಕೋಣೆಯ ಶಾಲೆ. ವ್ಯಾನು ನಮ್ಮನ್ನು ದಡದಲ್ಲಿ ಇಳಿಸಿ ಹೋಯಿತು. ದೋಣಿ ಹತ್ತುವ ಮೊದಲು ಮೇಷ್ಟ್ರು ದೋಣಿಯವನನ್ನು "ನೀನು ಯಾವ ಪಾರ್ಟಿ?" ಎಂದು ಕೇಳಿದರು.

"ನಂದು ದೋಣಿ ಪಾರ್ಟಿ ಸ್ವಾಮಿ. ಅಲ್ಲಾಡದೆ ಕೂತ್ಕಳಿ" ಎಂದ ಅವನು.

ಆ ಸಂಜೆ ಶಾಲೆಯ ಜಗಲಿಯಲ್ಲಿ ಬುತ್ತಿ ಬಿಚ್ಚಿ ಕೂತಾಗ ಮೇಷ್ಟ್ರು ತಾವಾಗಿಯೇ ಒಂದು ಸಂಗತಿ ಹೇಳಿದರು. ಹಿಂದಿನ ಯಾವುದೋ ಚುನಾವಣೆಯಲ್ಲಿ, ಬೇರೊಂದು ಊರಿನ ಬೂತಿನಲ್ಲಿ, ಹೆಂಗಸರು ಗಂಡನ ಹೆಸರು ಹೇಳಲು ನಾಚಿಕೊಂಡು ನಿಂತರಂತೆ. ನಮ್ಮ ಕಡೆ ಹಳಬರಲ್ಲಿ ಅದೇ ಪದ್ಧತಿ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂಬ ನಂಬಿಕೆ. ಯಾರಾದರೂ ಕೇಳಿದರೆ ಪಕ್ಕದಲ್ಲಿರುವ ಹೆಂಗಸು ಹೇಳಿಬಿಡುತ್ತಾಳೆ. ಅಂದೂ ಹಾಗೇ ಹೇಳಿದ್ದರು, ಮೇಷ್ಟ್ರು ನಂಬಿದ್ದರು. ಆಮೇಲೆ ನೋಡಿದರೆ ಅವರಲ್ಲಿ ಕೆಲವರು ಬೇರೆ ಊರಿನಿಂದ ಲಾರಿಯಲ್ಲಿ ಬಂದು ಇನ್ನೊಬ್ಬರ ವೋಟು ಹಾಕಿ ಹೋದವರು. ಮೇಷ್ಟ್ರು ಸಸ್ಪೆಂಡ್ ಆದರು. ಕೆಲಸ ವಾಪಸು ಸಿಕ್ಕಿತು, ಹೋದ ಮಾನ ಸಿಗಲಿಲ್ಲ.

"ದುಡ್ಡು ತಿಂದಿದಾನೆ ಅಂತ ಬೀದಿಯವರೆಲ್ಲ ಆಡಿಕೊಂಡರು ಮಾರಾಯ. ರಿಟೈರ್ ಆಗೋಕೆ ಹತ್ತಿರ ಬಂದಿದೀನಿ. ಇನ್ನೊಂದು ಸಲ ಆ ಮಾತು ಕೇಳೋ ಶಕ್ತಿ ನನಗಿಲ್ಲ."

ಮಾರನೆಯ ದಿನ ಗಂಡಸರ ಸಾಲು ಸುಸೂತ್ರವಾಗಿ ಮುಗಿಯಿತು. ಹೆಂಗಸರ ಸಾಲಿನಲ್ಲಿ ಮೊದಲಿಗೆ ನಿಂತಿದ್ದವಳು ಒಬ್ಬ ಅಜ್ಜಿ. ಸೀರೆಯ ಸೆರಗಿನಲ್ಲಿ ಮತದಾರರ ಪಟ್ಟಿಯ ನಂಬರಿದ್ದ ಚೀಟಿ ಗಂಟು ಹಾಕಿಕೊಂಡು ಬಂದಿದ್ದಳು. ಗುರುತಿನ ಕಾರ್ಡು ಆ ಊರಿಗೆ ಇನ್ನೂ ಬಂದಿರಲಿಲ್ಲ. ತನ್ನ ಹೆಸರು ಹೇಳಿದಳು.

"ಗಂಡನ ಹೆಸರು?" ಎಂದರು ಮೇಷ್ಟ್ರು.

ಅಜ್ಜಿ ನೆಲ ನೋಡಿದಳು. ಹಿಂದೆ ನಿಂತವಳು ಬಾಯಿ ತೆರೆದಳು. ಮೇಷ್ಟ್ರು ಕೈ ಎತ್ತಿ ತಡೆದರು. "ಬೇರೆಯವರು ಹೇಳೋ ಹಾಗಿಲ್ಲ. ಅವರೇ ಹೇಳಬೇಕು." ಅಜ್ಜಿ ಗಂಟು ಬಿಚ್ಚಿ ಚೀಟಿಯನ್ನೇ ಮುಂದೆ ಹಿಡಿದಳು. ಶಿವಮೊಗ್ಗ ಪೇಟೆಯಿಂದ ಬಂದು ಕೂತಿದ್ದ ಒಂದು ಪಕ್ಷದ ಏಜೆಂಟ್, "ಡೌಟ್ ಇದ್ರೆ ಕಳಿಸಿಬಿಡಿ ಸಾರ್, ಆಮೇಲೆ ನಿಮಗೇ ತೊಂದರೆ" ಎಂದ. ಮೇಷ್ಟ್ರಿಗೆ ಅಷ್ಟು ಸಾಕಾಯಿತು. "ಕಳ್ಳ ವೋಟು ಹಾಕೋಕೆ ಬಂದಿದೀಯೇನಮ್ಮ? ಹೋಗು" ಎಂದುಬಿಟ್ಟರು.

ಅಜ್ಜಿ ಒಂದು ಕ್ಷಣ ಅವರ ಮುಖವನ್ನೇ ನೋಡಿದಳು. ಆಮೇಲೆ ಚೀಟಿಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಹೊರಟಳು. ಅವಳ ಹಿಂದೆ ಇಡೀ ಸಾಲೇ ಹೊರಟಿತು. ಯಾರೂ ಜಗಳ ಮಾಡಲಿಲ್ಲ, ಕೂಗಾಡಲಿಲ್ಲ. ಅಂಗಳ ಖಾಲಿಯಾಯಿತು, ಅಷ್ಟೆ.

ಮೇಷ್ಟ್ರು ಮೊದಲು ಇದರಲ್ಲೂ ಏನೋ ಸಂಚಿದೆ ಎಂದರು. ಊಟದ ಹೊತ್ತಿಗೆ ಸುಮ್ಮನಾದರು. ಒಬ್ಬ ಹೆಂಗಸೂ ವೋಟು ಹಾಕದ ಪೆಟ್ಟಿಗೆ ತೆಗೆದುಕೊಂಡು ಹೋದರೆ ಮೇಲಿನವರು ತಮ್ಮನ್ನೇ ಅನುಮಾನಿಸುತ್ತಾರೆಂಬ ಭಯವೂ ಹುಟ್ಟಿರಬೇಕು. ಬರೀ ಭಯವೇ ಆಗಿದ್ದರೆ ಅವರ ಮುಖ ಹಾಗೆ ಬಾಡುತ್ತಿರಲಿಲ್ಲ. ನನ್ನ ಕೈಲಿ ದೋಣಿಯವನನ್ನು ಕರೆಸಿದರು.

"ಹೆಂಗಸರಿಗೆ ಹೇಳಪ್ಪ, ಬರಲಿ. ಗಂಡನ ಹೆಸರು ಪಕ್ಕದವರೇ ಹೇಳಲಿ. ನೀನೂ ಇಲ್ಲೇ ನಿಂತು ಗುರುತು ಹೇಳು. ನಾನು ನಂಬ್ತೀನಿ."

ಬಿಸಿಲು ಇಳಿಯುವ ಹೊತ್ತಿಗೆ ಒಬ್ಬೊಬ್ಬರೇ ಬಂದರು. ಒಬ್ಬಳ ಗಂಡನ ಹೆಸರು ಇನ್ನೊಬ್ಬಳು ಹೇಳುತ್ತ, ಸೆರಗು ಬಾಯಿಗೆ ಹಿಡಿದು ನಗುತ್ತ ವೋಟು ಹಾಕಿದರು. ಅಜ್ಜಿ ಮಾತ್ರ ಬರಲಿಲ್ಲ. ಮೇಷ್ಟ್ರು ಕೇಳಿದರು.

"ಅವ್ಳು ಬರಲ್ಲ ಸ್ವಾಮಿ" ಎಂದ ದೋಣಿಯವನು. "ಅವ್ಳ ಯಜಮಾನ ಹಾಸಿಗೆ ಹಿಡಿದಾನೆ. ಇವತ್ತೋ ನಾಳೆಯೋ ಅನ್ನೋ ಹಂಗಿದಾನೆ. ಅಂಥದ್ರಲ್ಲಿ ಹೆಸರು ಹೇಳು ಅಂದ್ರೆ ಹೆಂಗೆ ಹೇಳ್ತಾಳೆ? ಹೇಳ್ಲಿಲ್ಲ ಅಂತ ಕಳ್ಳಿ ಅಂದ್ರಿ."

ಐದು ಗಂಟೆಯಾಯಿತು, ಮತದಾನ ಮುಗಿಸುವ ಹೊತ್ತು. ಮೇಷ್ಟ್ರು ಬಾಗಿಲಲ್ಲಿ ನಿಂತು ದಾರಿ ನೋಡಿದರು. ಏಜೆಂಟ್ ಗಡಿಯಾರ ತೋರಿಸಿದ. ಕಾನೂನು ಬಿಟ್ಟು ಒಂದು ಹೆಜ್ಜೆ ಇಡುವ ಜೀವವಲ್ಲ ಅದು. ಒಳಗೆ ಬಂದು ಪೆಟ್ಟಿಗೆ ಮುಚ್ಚಿ, ಅರಗು ಕರಗಿಸಿ ಸೀಲು ಒತ್ತಿದರು. ಸೀಲು ಎರಡು ಸಲ ಓರೆಯಾಯಿತು.

ದೋಣಿಯಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ನಡುನೀರಿಗೆ ಬಂದಾಗ ಮೆಲ್ಲಗೆ ಹೇಳಿದರು.

"ಇವತ್ತು ಈ ಬೂತಿನಲ್ಲಿ ಕಳ್ಳತನ ಆಗಿದ್ದು ಒಂದೇ ಕಣಯ್ಯ. ಮಾಡಿದ್ದು ನಾನು."

ಆಮೇಲೆ ಅವರು ಬದಲಾದರು ಎಂದು ಬರೆಯಲು ನನಗೂ ಆಸೆಯಿದೆ. ಬದಲಾಗಲಿಲ್ಲ. ಬೀಗ ಎಳೆಯುವುದು, ಕಾಫಿಗೆ ಕಾರಣ ಕೇಳುವುದು ಎಲ್ಲ ಹಾಗೇ ಇತ್ತು. ಅಜ್ಜಿಯ ಗಂಡ ಏನಾದನೆಂದು ವಿಚಾರಿಸಲು ಒಮ್ಮೆ ಗಾಜನೂರಿನ ತನಕ ಹೋಗಿ, ದೋಣಿ ಹತ್ತದೆ ವಾಪಸು ಬಂದರಂತೆ... ಯಾಕೆಂದು ನಾನು ಕೇಳಲಿಲ್ಲ.

ಮೇಷ್ಟ್ರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಅವರ ಪೆನ್ಷನ್ನನ್ನು ಮನೆಯವರ ಹೆಸರಿಗೆ ಮಾಡಿಸಲು ಅವರ ಹೆಂಡತಿಯನ್ನು, ನಾವೆಲ್ಲ ಅಮ್ಮ ಎನ್ನುತ್ತಿದ್ದವರನ್ನು, ನಾನೇ ಬ್ಯಾಂಕಿಗೆ ಕರೆದುಕೊಂಡು ಹೋಗಿದ್ದೆ. ಕೌಂಟರಿನಲ್ಲಿದ್ದ ಹುಡುಗಿ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಯಜಮಾನರ ಹೆಸರು ಹೇಳಿ ಅಮ್ಮ" ಎಂದಳು. ಅಮ್ಮ ನನ್ನ ಕಡೆ ನೋಡಿದರು. ನಾನು ಹೇಳಲು ಹೋದೆ. "ನೀವಲ್ಲ ಸಾರ್, ಅವರೇ ಹೇಳಬೇಕು" ಎಂದಳು.

ಅಮ್ಮ ನನ್ನ ತೋಳು ಮುಟ್ಟಿದರು. "ಇರಲಿ ಬಿಡಪ್ಪ. ಇನ್ನು ಹೇಳಬಹುದು. ಹೇಳಿದ್ರೆ ಹೋಗೋಕೆ ಯಾರ ಆಯಸ್ಸು ಉಳಿದಿದೆ?" ಎಂದು ಮೇಷ್ಟ್ರ ಹೆಸರನ್ನು ಪೂರ್ತಿಯಾಗಿ ಹೇಳಿದರು. ಹುಡುಗಿ ಟೈಪ್ ಮಾಡಿಕೊಂಡು ಮುಂದಿನ ಪ್ರಶ್ನೆಗೆ ಹೋದಳು.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಾಗ ಅಮ್ಮ ಸಣ್ಣಗೆ ನಕ್ಕರು. "ಒಂದೇ ಒಂದು ಸಲ ಎದುರಿಗೆ ಹೆಸರು ಹಿಡಿದು ಕರೆದಿದ್ರೆ... ಏನು ಸಮಾಚಾರ, ಯಾಕೆ ಕರೀತಿದೀಯ ಅಂತ ಅನುಮಾನ ಪಡೋರು, ಅಲ್ವೇನಪ್ಪ?" ಎಂದರು. ಹೌದು ಎಂದು ಅವರ ಕೈ ಹಿಡಿದು ಮೆಟ್ಟಿಲು ಇಳಿಸಿದೆ.