ಗೌರಮ್ಮನ ಗಿಣ್ಣಿನ ಬಟ್ಟಲು

ಎದುರು ಮನೆ ಗೌರಮ್ಮ ನನ್ನ ಜೊತೆ ಒಂಬತ್ತು ದಿನ ಮಾತು ಬಿಟ್ಟಿದ್ದಳು.

ಅಷ್ಟೂ ದಿನ ಅವಳ ಸ್ಟೀಲ್ ಬಟ್ಟಲು ನನ್ನ ಅಡುಗೆಮನೆಯ ಗೂಡಿನಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು. ಅವಳ ಹಸು ಕರು ಹಾಕಿದಾಗ ಗಿಣ್ಣು ತುಂಬಿ ತಂದುಕೊಟ್ಟ ಬಟ್ಟಲು. ನಮ್ಮ ಕಡೆ ಗಿಣ್ಣು ಬಂದ ಪಾತ್ರೆಯನ್ನು ಖಾಲಿ ವಾಪಸ್ ಕೊಡುವಂತಿಲ್ಲ. ಒಂದು ಹಿಡಿ ಅಕ್ಕಿಯೋ ಒಂದು ಅಚ್ಚು ಬೆಲ್ಲವೋ ಹಾಕಿಯೇ ಕೊಡಬೇಕು. ಆದರೆ ಜಗಳ ಆಡಿದ ಮನೆಗೆ ಬೆಲ್ಲ ಹಾಕಿ ಕೊಡುವುದು ಹೇಗೆ? ಖಾಲಿ ಕೊಟ್ಟರೆ ಇನ್ನೊಂದು ಜಗಳ. ಅದಕ್ಕೇ ಬಟ್ಟಲು ಅಲ್ಲೇ ಉಳಿಯಿತು.

ತಪ್ಪು ಯಾರದು ಎಂದು ಕೇಳುತ್ತೀರಾ? ತಡೆಯಿರಿ, ಹೇಳುತ್ತೇನೆ. ಹೇಳುವುದಕ್ಕೆ ನನಗೂ ಸ್ವಲ್ಪ ನಾಚಿಕೆ. (ಸ್ವಲ್ಪ ಮಾತ್ರ. ಪೂರ್ತಿ ನಾಚಿಕೊಂಡು ಕೂತರೆ ಹಸುವಿಗೆ ಹುಲ್ಲು ಹಾಕುವವರು ಯಾರು?)

ನನ್ನ ಮೊಮ್ಮಗಳು ಇಂಚರ. ಮೂರು ವರ್ಷ ಮುಗಿದಿದೆ. ಅವಳಿಗೆ ಹಾಲು ಆಗುವುದಿಲ್ಲ. ಇಷ್ಟವಿಲ್ಲ ಎಂದಲ್ಲ, ಮೈಗೇ ಆಗುವುದಿಲ್ಲ. ಒಂದು ತೊಟ್ಟು ತಾಗಿದರೂ ಗಂಧೆ ಏಳುತ್ತದೆ, ಕೆಂಪಗೆ ದಪ್ಪ ದಪ್ಪ. ತುಟಿ ಊದುತ್ತದೆ. ಹೊಟ್ಟೆಗೆ ಹೋದರೆ ವಾಂತಿ. ಹಾಸನದ ಮಕ್ಕಳ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಅಲರ್ಜಿ ಎಂದರು. "ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಏನೂ ಬೇಡ. ದೊಡ್ಡವಳಾಗ್ತಾ ಸರಿ ಹೋಗಬಹುದು. ಅಲ್ಲೀವರೆಗೂ ಹುಷಾರಾಗಿರಿ" ಎಂದು ಒಂದು ಸಿರಪ್ಪನ್ನೂ ಬರೆದುಕೊಟ್ಟರು.

ನಾನು ಮೂವತ್ತು ವರ್ಷದಿಂದ ಡೈರಿಗೆ ಹಾಲು ಹಾಕುವವಳು. ನನ್ನ ಮನೆಯಲ್ಲೇ ಇಂಥ ಮಗು ಹುಟ್ಟಬೇಕೇ ಎಂದು ಊರಿನವರು ಲೊಚಗುಟ್ಟಿದರು. ನಾನು ಲೊಚಗುಟ್ಟಲಿಲ್ಲ. ಅತ್ತರೆ ಹಾಲು ಆಗಿಬರುತ್ತದೆಯೇ? ಕರುವೂ ಒಂದು ದಿನ ಹಾಲು ಬಿಟ್ಟು ಹುಲ್ಲಿಗೆ ಬಾಯಿ ಹಾಕುತ್ತದೆ. ಇವಳು ಸ್ವಲ್ಪ ಬೇಗ ಹಾಕಲಿ ಎಂದೆ.

ಊಟದ್ದು ಕಷ್ಟವೇ ಅಲ್ಲ ನೋಡಿ. ಬೆಳಿಗ್ಗೆ ಅಕ್ಕಿರೊಟ್ಟಿ, ಇಲ್ಲವೇ ಕಡುಬು. ನಡುವೆ ರಾಗಿ ಗಂಜಿ, ಅದಕ್ಕೆ ಕಾಯಿಹಾಲು, ಬೆಲ್ಲ. ಮಧ್ಯಾಹ್ನ ಅನ್ನ, ಸೊಪ್ಪಿನ ಸಾರು, ಒಂದು ಮೊಟ್ಟೆ. ಕೈಗೊಂದು ಎಳ್ಳುಂಡೆ ಕೊಟ್ಟರೆ ಅಂಗಳದಲ್ಲಿ ಅರ್ಧ ಗಂಟೆ ಸದ್ದಿಲ್ಲ. ಇದನ್ನೆಲ್ಲ ಹೇಳಿದಾಗ ಡಾಕ್ಟರು ಮಗುವನ್ನು ತಕ್ಕಡಿ ಮೇಲೆ ನಿಲ್ಲಿಸಿ, "ಹೀಗೇ ಮಾಡಿ" ಎಂದರು.

ಕಷ್ಟ ಇರುವುದು ಜನರದ್ದು.

"ಒಂಚೂರು ಕೊಡಿ, ಏನಾಗಲ್ಲ." ಈ ಮಾತನ್ನು ನನಗೆ ಬಸ್ಸಿನಲ್ಲಿ ಪಕ್ಕದ ಸೀಟಿನವರು ಹೇಳಿದ್ದಾರೆ. ಮದುವೆ ಮನೆಯಲ್ಲಿ ಪಾಯಸದ ಬಕೆಟ್ ಹಿಡಿದವರು ಹೇಳಿದ್ದಾರೆ. ಮಗುವಿನ ಹೆಸರೂ ಗೊತ್ತಿಲ್ಲದವರು ಹೇಳಿದ್ದಾರೆ. ನನ್ನ ನಾದಿನಿಯಂತೂ ಮನೆಗೇ ಬಂದು ವಾದಕ್ಕೆ ಕೂತಳು. "ತುಪ್ಪ ಹಾಲಲ್ಲ ಕಣತ್ಗೆ. ತುಪ್ಪ ತುಪ್ಪನೇ." ಹಾಗಾದರೆ ತುಪ್ಪ ಎಲ್ಲಿಂದ ಬಂತು, ಹಲಸಿನ ಮರದಿಂದಲೇ?

ಇನ್ನೊಬ್ಬ ಯಜಮಾನರು ಕೇಳಿದರು: "ನಮ್ ಕಾಲ್ದಲ್ಲಿ ಈ ಅಲರ್ಜಿ ಗಿಲರ್ಜಿ ಇತ್ತಾ?" ಇತ್ತು ಮಾರಾಯ. ಆಗ ಮಗುವಿಗೆ ದೃಷ್ಟಿ ಆಗಿದೆ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದೆವು. ಆಮೇಲೆ ಅದೇ ಮಗುವಿಗೆ ಒಂದು ಲೋಟ ಹಾಲು ಕುಡಿಸುತ್ತಿದ್ದೆವು. ನಾನೇ ಕುಡಿಸಿದ್ದೇನೆ.

ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವಳು ನಾನು. ಮಗ ಮಂಜ ಬೆಳಗೋಡು ಕಡೆಯ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್. ಸೊಸೆ ಸವಿತ ಬಾಳ್ಳುಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಇಬ್ಬರೂ ಹೊರಟ ಮೇಲೆ ಅಂಗಡಿ ತಿಂಡಿಯ ಪೊಟ್ಟಣ ನೋಡುವವರು ಯಾರು? ನಾನು ಓದಿದ್ದು ಎರಡನೇ ಕ್ಲಾಸು. (ನಾನು ಬರೆದು ಕಳಿಸುವ ಇಂಥ ಕಥೆಗಳ ಕಾಗುಣಿತ ತಿದ್ದುವ ಪತ್ರಿಕೆಯ ಹುಡುಗಿಗೆ ಇದು ಚೆನ್ನಾಗಿ ಗೊತ್ತು.) ಇಂಗ್ಲಿಷ್ ಎಲ್ಲಿಂದ ಬರಬೇಕು?

ಸವಿತ ಬಟ್ಟೆಗೆ ಗುರುತು ಹಾಕುವ ಚಾಕಿನಿಂದ ಗೋಡೆ ಮೇಲೆ ಮಿಲ್ಕ್ ಎಂದು ಇಂಗ್ಲಿಷಿನಲ್ಲಿ ಬರೆದಳು. ನನ್ನ ಕಣ್ಣಿಗೆ ಮೊದಲ ಅಕ್ಷರ ಎರಡು ಗುಡ್ಡ. ಪಕ್ಕದಲ್ಲಿ ಒಂದು ಗೂಟ. ಆಮೇಲೆ ಕಾಲು ಚಾಚಿ ಕೂತವನು. ಕೊನೆಗೆ ಒದೆಯುವವನು. ಈ ನಾಲ್ಕೂ ಸಾಲಾಗಿ ಕಂಡರೆ ಪೊಟ್ಟಣ ವಾಪಸ್. ಬೇಕರಿಯವನು "ಅಜ್ಜಿ, ಬ್ರೆಡ್ಡಲ್ಲಿ ಎಲ್ಲಿಂದ ಬಂತು ಹಾಲು?" ಎಂದು ನಕ್ಕ. "ಇಲ್ಲಿ ಒದೆಯೋನು ನಿಂತವ್ನಲ್ಲ, ಕಣ್ ಕಾಣಲ್ವಾ?" ಎಂದು ಅವನದೇ ಪೊಟ್ಟಣ ಅವನ ಮೂಗಿನ ಕೆಳಗೆ ಹಿಡಿದೆ. ಆಮೇಲೆ ಅವನು ನನ್ನನ್ನು ಕಂಡರೆ ತಾನೇ ಓದಿ ಹೇಳುತ್ತಾನೆ.

ಇಷ್ಟೆಲ್ಲ ಕಾವಲಿದ್ದೂ, ಎರಡು ತಿಂಗಳಿಂದ ಮಗುವಿನ ಬಾಯಿ ಸುತ್ತ, ಕೆನ್ನೆ ಮೇಲೆ ಗಂಧೆ ಏಳತೊಡಗಿತು. ವಾರದಲ್ಲಿ ಮೂರು ನಾಲ್ಕು ದಿನ, ಅದೂ ಬೆಳಿಗ್ಗೆ ಹೊತ್ತು. ಒಂದು ದಿನ ಸವಿತ ರೊಟ್ಟಿ ತಟ್ಟುತ್ತಾ ಹೇಳಿದಳು:

"ಅತ್ತೆ, ಬೇಜಾರ್ ಮಾಡ್ಕಬ್ಯಾಡಿ. ಯಾರೋ ಏನೋ ತಿನ್ನುಸ್ತಾವ್ರೆ. ಇನ್ನೊಂದ್ಸಲ ಜೋರಾದ್ರೆ ಇವಳನ್ನ ಸಕಲೇಶಪುರದಲ್ಲಿ ನಮ್ಮವ್ವನ ಮನೇಲಿ ಬಿಡ್ತೀನಿ. ಅಲ್ಲಿ ಹಸ ಇಲ್ಲ, ಹಾಲಿಲ್ಲ."

ಯಾರೋ ಎಂದಳು. ನೋಡಿದ್ದು ಮಾತ್ರ ನನ್ನ ಕಡೆ.

"ಬಿಡು. ನಂಗೂ ಒಸಿ ಕೆಲಸ ಕಮ್ಮಿ ಆಯ್ತದೆ" ಎಂದೆ. ಆ ದಿನ ನಾನು ಬೇಯಿಸಿದ ನಾಲ್ಕು ರೊಟ್ಟಿಯೂ ಸೀದವು.

ಮಗು ನನ್ನ ಕೈ ತಪ್ಪುವ ಮೊದಲು ಕಳ್ಳರನ್ನು ಹಿಡಿಯಲೇಬೇಕಿತ್ತು. ಯೋಚಿಸಿದೆ. ಭಾನುವಾರ ಗಂಧೆ ಏಳುವುದಿಲ್ಲ. ಭಾನುವಾರ ಅಂಗನವಾಡಿ ಇಲ್ಲ. ಇನ್ನೇನು ಬೇಕು? ಸೀರೆ ಎತ್ತಿ ಕಟ್ಟಿ ಅಂಗನವಾಡಿಗೆ ಹೋದೆ. ಅಲ್ಲಿನ ಟೀಚರ್ ತಾಳ್ಮೆಯ ಹೆಂಗಸು. "ಅಜ್ಜಿ, ಗಂಧೆ ಏಳೋದು ಎಷ್ಟೊತ್ಗೆ?" ಎಂದರು. ಏಳೂವರೆಗೆ ಎಂದೆ. "ನಾನ್ ಬಾಗ್ಲು ತೆಗಿಯೋದೇ ಒಂಬತ್ತೂವರೆಗೆ. ಇವಳಿಗೆ ಹಾಲಿನ್ ಲೋಟಾನೂ ತೋರ್ಸಲ್ಲ ನಾನು." ಉತ್ತರ ಸರಿಯಾಗಿತ್ತು. ಅದಕ್ಕೇ ನನಗೆ ಹಿಡಿಸಲಿಲ್ಲ.

ಅದೇ ವಾರ ಗೌರಮ್ಮನ ಹಸು ಕರು ಹಾಕಿತು. ಮಾರನೇ ದಿನ ಸಂಜೆ ಗಿಣ್ಣು ಕಾಯಿಸಿ, ಏಲಕ್ಕಿ ಹಾಕಿ, ಬಟ್ಟಲಿನ ಮೇಲೆ ತಟ್ಟೆ ಮುಚ್ಚಿ ತಂದಳು.

"ನಿಂಗಿ, ಇದು ನಿಂಗೆ ಕಣೇ. ಮಗೀಗೆ ತೋರುಸ್ಬ್ಯಾಡ."

"ನಂಗೊತ್ತಿಲ್ವಾ, ನೀನ್ ಹೇಳ್ಬೇಕಾ?" ಎಂದು ಇಸಿದುಕೊಂಡು, ಮಗುವಿಗೆ ಕಾಣದ ಕಡೆ ಇಟ್ಟೆ.

ಮರುದಿನ ಬೆಳಿಗ್ಗೆ ಇಂಚರ ಎದ್ದು ಮುಖ ತೊಳೆದುಕೊಂಡು ಹತ್ತು ನಿಮಿಷವಾಗಿರಲಿಲ್ಲ. ತುಟಿ ಊದಿ ಮುಖವೇ ಬೇರೆ ಆಯಿತು. ಒಂದು ಕಣ್ಣು ಮುಚ್ಚಿಯೇ ಹೋಯಿತು. ಸವಿತ ಸಿರಪ್ ಕುಡಿಸಿದಳು, ಮಂಜ ತಾಯಿ ಮಗು ಇಬ್ಬರನ್ನೂ ಬೈಕಿಗೆ ಹತ್ತಿಸಿಕೊಂಡು ಆಸ್ಪತ್ರೆಗೆ ಓಡಿಸಿದ. ಮಧ್ಯಾಹ್ನದ ಹೊತ್ತಿಗೆ ಊತ ಇಳಿದು, ಮಗು ನಗುತ್ತಾ ವಾಪಸ್ ಬಂತು. ಸವಿತ ನಗಲಿಲ್ಲ. ಒಂದು ಚೀಲಕ್ಕೆ ಮಗುವಿನ ಬಟ್ಟೆ ತುಂಬಿ ಬಾಗಿಲ ಹತ್ತಿರ ಇಟ್ಟಳು. "ಮದ್ವೆ ಬ್ಲೌಸು ಕೈಯಲ್ಲವೆ. ಅವ್ ಮುಗ್ಸಿ ಭಾನುವಾರ ಬಿಟ್ಟು ಬರ್ತೀನಿ."

ನನ್ನ ಕಣ್ಣಿಗೆ ಆಗ ಕಂಡಿದ್ದು ಒಬ್ಬಳೇ. ಸಂಜೆ ಡೈರಿ ಸಾಲಿನಲ್ಲಿ, ಎಲ್ಲರ ಮುಂದೆ ಕೇಳಿಯೇಬಿಟ್ಟೆ.

"ಏನೇ ಗೌರಿ, ಬೇಲಿ ಸಂದೀಲಿ ನನ್ ಮೊಮ್ಮಗೀಗೆ ಗಿಣ್ಣು ತಿನ್ಸಿದ್ಯೇನೆ?"

"ನಾನ್ಯಾಕೆ ತಿನ್ಸಲೇ? ತೋರುಸ್ಬ್ಯಾಡ ಅಂತ ನಿನ್ ಕೈಗೇ ಕೊಟ್ಟಿಲ್ವಾ?"

"ಬಾಯಲ್ಲಿ ಹಂಗಂದು ಕೈಯಲ್ಲಿ ಹಿಂಗ್ ಮಾಡಿದ್ಯ."

"ನಿನ್ ನಾಲ್ಗೇಗೇ ಗಂಧೆ ಏಳಾ!" ಎಂದಳು ಗೌರಮ್ಮ. ಹಾಲು ಅಳೆಯುವವನು ಅಳತೆ ಮರೆತು ಬಾಯಿ ಬಿಟ್ಟು ನಿಂತ. ಅಲ್ಲಿಗೆ ಮಾತು ನಿಂತಿತು, ಬಟ್ಟಲು ನಮ್ಮಲ್ಲೇ ಉಳಿಯಿತು.

ಶನಿವಾರ ನನ್ನ ಸೀರೆ ಬೇಲಿ ತಂತಿಗೆ ಸಿಕ್ಕಿ ಹರಿಯಿತು. ಸವಿತಳಿಗೆ ಒಂದು ಹೊಲಿಗೆ ಹಾಕು ಎಂದು ಕೊಟ್ಟೆ. ಬಾಗಿಲ ಹತ್ತಿರ ಚೀಲ ಹಾಗೇ ಇತ್ತು.

ಹೊಲಿಯುವವರು ಬಟ್ಟೆಯನ್ನು ಬೆರಳಲ್ಲಿ ನೋಡುತ್ತಾರೆ. ಸವಿತಳ ಬೆರಳು ಸೆರಗಿನ ಹತ್ತಿರ ಬಂದು ನಿಂತಿತು.

"ಅತ್ತೆ, ಸೆರಗಿಗೆ ಗಂಜಿ ಹಾಕಿದ್ದೀರಾ?"

"ನಾನ್ಯಾವ್ ದಿಬ್ಬಣಕ್ಕೆ ಹೊಂಟಿದ್ದೆ, ಗಂಜಿ ಹಾಕಕ್ಕೆ?"

ಅವಳು ಸೆರಗನ್ನು ಮೂಸಿ ನೋಡಿದಳು. ಇನ್ನೊಂದು ಸಲ ಮೂಸಿದಳು.

"ಹಾಲ್ ಕರ್ದು ಕೈ ಎಲ್ಲಿ ಒರುಸ್ತೀರಾ?"

"ಎಲ್ಲೊರುಸ್ತಾರೆ? ಸೆರಗಿಗೆ."

"ಮಗೀನ್ ಮೊಕ ತೊಳ್ದು ಯಾತರಲ್ಲಿ ಒರುಸ್ತೀರಾ?"

ಅವಳ ಕೈಯಿಂದ ಸೆರಗು ಇಸಿದುಕೊಂಡು ನಾನೇ ಮೂಸಿ ನೋಡಿದೆ. ಮೂವತ್ತು ವರ್ಷದಲ್ಲಿ ಮೊದಲ ಸಲ.

ವಿಷಯ ಇಷ್ಟು. ಬೆಳಿಗ್ಗೆ ಆರಕ್ಕೆ ನಮ್ಮ ಹಸು ಕೆಂಪಿಯ ಹಾಲು ಕರೆಯುತ್ತೇನೆ. ಮೊಲೆ ಒಡೆಯದಿರಲಿ ಎಂದು ಬೆಣ್ಣೆ ಸವರಿ ಕರೆಯುವುದು ನಮ್ಮ ರೂಢಿ. ಆ ಬೆಣ್ಣೆ ಕೈ ಸೆರಗಿಗೆ. ಡೈರಿಯಿಂದ ಬಂದು ಕ್ಯಾನ್ ಒರೆಸುವುದೂ ಸೆರಗಿಗೆ. ಅಷ್ಟು ಹೊತ್ತಿಗೆ ಮಗು ಏಳುತ್ತದೆ. ಮದುವೆ ಹೊಲಿಗೆ ಹೆಚ್ಚಾದ ಎರಡು ತಿಂಗಳಿಂದ ಬೆಳಿಗ್ಗೆ ಅವಳ ಮುಖ ತೊಳೆಯುವುದು ಸವಿತ ಅಲ್ಲ, ನಾನು. ಮುಖ ತೊಳೆದು, ಅದೇ ಸೆರಗಲ್ಲಿ ಕಣ್ಣು, ಮೂಗು, ಬಾಯಿ ಎಲ್ಲ ತಿಕ್ಕಿ ಒರೆಸುತ್ತೇನೆ. ನನ್ನ ಸೀರೆ ಎರಡು ದಿನಕ್ಕೊಮ್ಮೆ ಒಗೆಯುವುದು. ಎರಡನೇ ದಿನದ ಸೆರಗಲ್ಲಿ ಏನೇನಿರುತ್ತದೋ! ಭಾನುವಾರ ಮಾತ್ರ ಸವಿತ ಮಗುವಿಗೆ ತಲೆಗೆ ಎರೆದು ಟವೆಲಿನಲ್ಲಿ ಒರೆಸುತ್ತಾಳೆ.

"ಸರಿ. ಗಿಣ್ಣು ಯಾರ್ ತಿಂದ್ರು?" ಎಂದಳು ಸವಿತ.

ಗಿಣ್ಣು ತಿಂದವಳು ನಾನು. ಆ ಬೆಳಿಗ್ಗೆ ಹಾಲು ಕರೆದ ಮೇಲೆ, ಕೊಟ್ಟಿಗೆಯಲ್ಲಿ, ಕೆಂಪಿಯ ಮರೆಗೆ ನಿಂತು ಇಡೀ ಬಟ್ಟಲು ಕೈಯಲ್ಲೇ ಬಳಿದು ತಿಂದೆ. ಮಗು ನೋಡಿ ಆಸೆ ಪಡಬಾರದಲ್ಲ. (ಸೊಸೆಯೂ ನೋಡಬಾರದಿತ್ತು. ನನಗೆ ಶುಗರ್ ಇದೆ.) ತಿಂದು ಕೈ ಬಾಯಿ ಒರೆಸಿದ್ದು ಯಾವುದಕ್ಕೆ ಎಂದು ಮತ್ತೆ ಹೇಳಬೇಕಾ?

ಬೈಯುತ್ತಾಳೆ ಅಂದುಕೊಂಡೆ. ಅವಳು ನಕ್ಕಳು. ಬಾಯಲ್ಲಿ ಹಿಡಿದಿದ್ದ ಗುಂಡುಸೂಜಿ ಉದುರಿ ಬೀಳುವ ಹಾಗೆ ನಕ್ಕಳು. ಆಮೇಲೆ ಕಣ್ಣು ಒರೆಸಿಕೊಂಡು (ಅವಳದೇ ಸೆರಗಲ್ಲಿ) ಮನೆಯ ಹೊಲಿಗೆ ಮಿಷನ್ ಮುಂದೆ ಕೂತಳು. ಉಳಿದ ಖಾಕಿ ಬಟ್ಟೆಯಲ್ಲಿ ಕೊಟ್ಟಿಗೆಗೆಂದು ನನಗೊಂದು ಏಪ್ರನ್ ಹೊಲಿದಳು. ಹಳೆಯ ಕಾಟನ್ ಸೀರೆ ಕತ್ತರಿಸಿ ಹನ್ನೆರಡು ಚಿಕ್ಕ ಬಟ್ಟೆ ಮಾಡಿ, ಅಂಚಿಗೆ ಕೆಂಪು ದಾರ ಓಡಿಸಿದಳು. ಕೆಂಪು ಅಂಚು ಮಗುವಿನ ಮುಖಕ್ಕೆ ಮಾತ್ರ. ಕೊಟ್ಟಿಗೆಯಿಂದ ಬಂದವಳು ಮೊಣಕೈವರೆಗೆ ಸೋಪು ಹಾಕಿ, ಸೀರೆ ಬದಲಾಯಿಸಿಯೇ ಮಗುವನ್ನು ಮುಟ್ಟಬೇಕು. ಆಪರೇಷನ್ ಮಾಡುವ ಡಾಕ್ಟರಿಗೂ ಇಷ್ಟು ಕಾನೂನು ಇರಲಿಕ್ಕಿಲ್ಲ.

ಭಾನುವಾರ ಹೊರಡಬೇಕಿದ್ದ ಚೀಲ ಹೊರಡಲಿಲ್ಲ. "ನಾಕ್ ದಿನ ನೋಡಾಣ" ಎಂದಳು. ಬಿಚ್ಚಲೂ ಇಲ್ಲ. ಸೋಮವಾರ ಗಂಧೆ ಇಲ್ಲ. ಮಂಗಳವಾರ ಇಲ್ಲ. ಬುಧವಾರ ಮಗುವಿನ ಕೆನ್ನೆ ಮೇಲೆ ಕೆಂಪಗೆ ಕಂಡು ಸಿರಪ್ ಬಾಟಲಿ ಹಿಡಿದು ಓಡಿದೆ. ಮುಟ್ಟಿ ನೋಡಿದರೆ ಬೀಟ್ರೂಟ್. ಗುರುವಾರ ಬೆಳಿಗ್ಗೆ ಸವಿತ ಚೀಲದಿಂದ ಒಂದೊಂದೇ ಫ್ರಾಕ್ ತೆಗೆದು ಬೀರುವಿನಲ್ಲಿ ಇಟ್ಟಳು. ನಾನು ನೋಡದವಳ ಹಾಗೆ ರೊಟ್ಟಿ ಬೇಯಿಸಿದೆ. ಒಂದೂ ಸೀಯಲಿಲ್ಲ.

ಮೂವತ್ತು ವರ್ಷದ ಕಸುಬಿನ ಕೈ ಎಂದು ನನ್ನ ಕೈಯನ್ನು ನಾನೇ ಯಾವತ್ತೂ ನೋಡಿಕೊಂಡಿರಲಿಲ್ಲ. ಬೇಕರಿಯವನದು ನೋಡಿದೆ, ಟೀಚರದು ನೋಡಿದೆ, ಗೌರಮ್ಮನದು ಊರ ಮುಂದೆ ನೋಡಿದೆ. ಇನ್ನು ಬಟ್ಟಲು ಉಳಿದಿತ್ತು.

ಹಾಲುಬಾಯಿ ಮಾಡಿದೆ. ಹೆಸರು ಕೇಳಿ ಹೆದರಬೇಡಿ, ಅದಕ್ಕೆ ಬೀಳುವುದು ಅಕ್ಕಿ, ತೆಂಗಿನಕಾಯಿ, ಬೆಲ್ಲ. ತಟ್ಟೆಗೆ ತುಪ್ಪದ ಬದಲು ಕೊಬ್ಬರಿ ಎಣ್ಣೆ ಸವರಿದೆ. ಬಟ್ಟಲು ತುಂಬಿಸಿ, ಇಂಚರಳ ಕೈ ಹಿಡಿದು ರಸ್ತೆ ದಾಟಿದೆ. ಗೌರಮ್ಮ ಜಗಲಿ ಮೇಲೆ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಗೌರಿ, ಗಿಣ್ಣು ತಿಂದೋಳೂ ನಾನೇ, ಅದನ್ನ ಮಗೀನ್ ಮೊಕಕ್ಕೆ ಒರಸ್ದೋಳೂ ನಾನೇ ಕಣೇ. ಅವತ್ ಅಂದಿದ್ದು ತಪ್ಪಾಯ್ತು."

"ಡೈರಿ ಸಾಲಲ್ಲಿ ಅಂದಿದ್ದಲ್ವಾ? ಅಲ್ಲೇ ಬಂದು ಹೇಳು."

"ಸಂಜೆ ಹೇಳ್ತೀನಿ."

ಆಗ ತಲೆ ಎತ್ತಿದಳು. ಬಟ್ಟಲಿನ ಮುಚ್ಚಳ ಸರಿಸಿ ಒಂದು ತುಂಡು ಎತ್ತಿ, ಬಾಯಿ ಹತ್ತಿರ ಹಿಡಿದು ನಿಲ್ಲಿಸಿದಳು.

"ಇದನ್ ಮಾಡಿ ಕೈ ಯಾತಕ್ಕೊರುಸ್ದೆ?"

"ಅಜ್ಜಿ ಸೋಪಾಕವ್ಳೆ" ಎಂದಳು ಇಂಚರ, ನನಗಿಂತ ಮುಂಚೆ.

ಗೌರಮ್ಮ ತಿಂದಳು. ಎರಡನೇ ತುಂಡು ಮಗುವಿಗೆ ಕೊಡುವ ಮುನ್ನ ನನ್ನ ಮುಖ ನೋಡಿದಳು. ಕೊಡು ಎಂದೆ. ಸಂಜೆ ಡೈರಿ ಸಾಲಿನಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿಯೂ ಬಂದೆ.

ಬಿಸ್ಕತ್ತಿನ ಪೊಟ್ಟಣದ ಹಿಂದೆ ಒಳಗೇನಿದೆ ಎಂದು ಬರೆದಿರುತ್ತದೆ. ಅಜ್ಜಿಯ ಸೆರಗಿನ ಹಿಂದೆ ಬರೆಯುವವರು ಯಾರು?